ಪತಿಯ ನೆನಪನ್ನು ಬರಹಕ್ಕಿಳಿಸಿದ ರಮಾಬಾಯಿ ರಾನಡೆ

ನ್ಯಾಯಮೂರ್ತಿ ಮಹಾದೇವ ಗೋವಿಂದ ರಾನಡೆಯವರು 1901ರ ಜನವರಿ 16ರ ರಾತ್ರಿ ಮುಂಬಯಿಯಲ್ಲಿ ನಿಧನರಾದರು. ಅವರಿಗೆ 59 ವರ್ಷ ತುಂಬಲು ಇನ್ನೆರಡು ದಿನಗಳಷ್ಟೇ ಉಳಿದಿದ್ದವು. ಹಲವು ತಿಂಗಳಿಂದ ಕಾಡುತ್ತಿದ್ದ ಹೃದಯದ ಬೇನೆ ಅವರನ್ನು ಒಯ್ದಿತು. ಹಿಂದಿನ ಡಿಸೆಂಬರಿನಲ್ಲಿ ಲಾಹೋರಿನಲ್ಲಿ ಸೇರಿದ್ದ ಸಾಮಾಜಿಕ ಪರಿಷತ್ತಿಗೆ ಹೋಗಲಾಗದೆ, ತಮ್ಮ ಭಾಷಣವನ್ನು ಶಿಷ್ಯ ಗೋಪಾಲ ಕೃಷ್ಣ ಗೋಖಲೆಯವರ ಕೈಯಲ್ಲಿ ಕಳುಹಿಸಿದ್ದರು. ಪತ್ನಿ ರಮಾಬಾಯಿಯವರಿಗೆ ಆಗ ಮೂವತ್ತೊಂಬತ್ತನೆಯ ವರ್ಷ ನಡೆಯುತ್ತಿತ್ತು. ಇಪ್ಪತ್ತೇಳು ವರ್ಷಗಳ ದಾಂಪತ್ಯ, ಮಕ್ಕಳಿರಲಿಲ್ಲ.

ಅಂದಿನ ಬ್ರಾಹ್ಮಣ ಕುಟುಂಬಗಳಲ್ಲಿ ಪತಿಯನ್ನು ಕಳೆದುಕೊಂಡ ಹೆಂಗಸಿನ ಪಾಲಿಗೆ ಏನು ಉಳಿಯುತ್ತಿತ್ತೆಂಬುದನ್ನು ವಿವರಿಸಬೇಕಾಗಿಲ್ಲ. ಕುಂಕುಮ ಅಳಿಯುತ್ತಿತ್ತು, ಬಳೆ ಒಡೆಯುತ್ತಿತ್ತು, ಬಹುಪಾಲು ಮನೆಗಳಲ್ಲಿ ತಲೆಯನ್ನೂ ಬೋಳಿಸಲಾಗುತ್ತಿತ್ತು. ಆಮೇಲೆ ಮನೆಯ ಒಂದು ಮೂಲೆ. ರಮಾಬಾಯಿಯವರು ಮುಂಬಯಿಯ ಸಂಸಾರವನ್ನು ಮುಗಿಸಿ ಪುಣೆಯ ಹಳೆಯ ಮನೆಗೆ ಹಿಂದಿರುಗಿದರು. ಸುಮಾರು ಒಂದು ವರ್ಷ ಕಾಲ ಹೊರಗಿನವರೊಂದಿಗೆ ಬೆರೆಯದೆ ಏಕಾಂತದಲ್ಲಿ ಉಳಿದರು. ಆದರೆ ಅವರ ಬಳಿ ಆ ಕಾಲದ ಹೆಚ್ಚಿನ ವಿಧವೆಯರ ಬಳಿ ಇಲ್ಲದ ಒಂದು ಸಂಪತ್ತಿತ್ತು. ಅವರಿಗೆ ಬರೆಯಲು ಬರುತ್ತಿತ್ತು. ಅದನ್ನು ಕಲಿಸಿದವರು ಈಗ ಇಲ್ಲವಾಗಿದ್ದ ಪತಿಯೇ.

ಈ ಕಲಿಕೆಯ ಕಥೆ 1873ರಷ್ಟು ಹಿಂದಿನದು. ಈಗಿನ ಸಾಂಗಲಿ ಜಿಲ್ಲೆಯ ದೇವರಾಷ್ಟ್ರೆ ಎಂಬ ಗ್ರಾಮದ ಕುರ್ಲೇಕರ್ ಮನೆತನದಲ್ಲಿ 1862ರ ಜನವರಿ 25ರಂದು ಹುಟ್ಟಿದ ಯಮುನಾ ಎಂಬ ಹುಡುಗಿಗೆ ಹನ್ನೊಂದು ವರ್ಷ ತುಂಬುವವರೆಗೆ ಅಕ್ಷರದ ಪರಿಚಯವಿರಲಿಲ್ಲ. ಆ ವರ್ಷ ಅವಳ ಮದುವೆ ಮಹಾದೇವ ಗೋವಿಂದ ರಾನಡೆಯವರೊಡನೆ ನಡೆಯಿತು. ವರನಿಗೆ 31 ವರ್ಷ. ಮುಂಬಯಿ ವಿಶ್ವವಿದ್ಯಾಲಯದ ಮೊದಲ ಪದವೀಧರರ ಸಾಲಿನಲ್ಲಿ ನಿಲ್ಲುವ ಹೆಸರು, ಪುಣೆಯಲ್ಲಿ ನ್ಯಾಯಾಧೀಶರ ಹುದ್ದೆ, ವಿಧವಾ ವಿವಾಹದ ಪರವಾಗಿ ಮಾತನಾಡುತ್ತಿದ್ದ ಸುಧಾರಕ. ಅದೇ ವರ್ಷ ಅವರ ಮೊದಲ ಪತ್ನಿ ತೀರಿಹೋಗಿದ್ದರು. ಸುಧಾರಕ ಮಿತ್ರರೆಲ್ಲ ರಾನಡೆಯವರು ಈಗ ವಿಧವೆಯೊಬ್ಬರನ್ನು ವರಿಸಿ ನುಡಿದಂತೆ ನಡೆಯುವರೆಂದು ಕಾದಿದ್ದರು. ಅದೇ ಭಯ ಅವರ ತಂದೆಯವರಿಗೂ ಇತ್ತು. ಮಗ ಕೈತಪ್ಪುವ ಮುನ್ನವೇ ಕನ್ಯೆಯೊಬ್ಬಳನ್ನು ಗೊತ್ತುಮಾಡಿ, ಒತ್ತಾಯದಿಂದ ಮದುವೆ ನಡೆಸಿಬಿಟ್ಟರು. ಮಗ ತಂದೆಯ ಮಾತನ್ನು ಮೀರಲಿಲ್ಲ. ಅದೇ ಮನೆಯಲ್ಲಿ ರಾನಡೆಯವರ ವಿಧವೆ ಸೋದರಿ ದುರ್ಗಾ ಅವರೂ ಇದ್ದರೆಂಬುದನ್ನು ನೆನೆದರೆ ಆ ಮನೆಯೊಳಗಿನ ಇಕ್ಕಟ್ಟು ಅರ್ಥವಾದೀತು.

ಸುಧಾರಕರ ಕಣ್ಣಿನಲ್ಲಿ ಇದು ರಾನಡೆಯವರ ದೊಡ್ಡ ಸೋಲು. ಪತ್ರಿಕೆಗಳೂ ವಿರೋಧಿಗಳೂ ಅವರನ್ನು ಬಹುಕಾಲ ಹಂಗಿಸಿದರು. ಈ ಸೋಲಿಗೆ ಅವರು ತಮಗೆ ತಾವೇ ವಿಧಿಸಿಕೊಂಡ ಪರಿಹಾರವೋ ಎಂಬಂತೆ, ಮನೆಗೆ ಬಂದ ಬಾಲಿಕೆಗೆ ವಿವಾಹದ ಆರಂಭದ ದಿನಗಳಿಂದಲೇ ಪಾಟಿಯ ಮೇಲೆ ಅಕ್ಷರ ತಿದ್ದಿಸಲು ತೊಡಗಿದರು. ಕಚೇರಿಯಿಂದ ಬಂದು, ಊಟ ಮುಗಿದು, ಮನೆಯ ಹಿರಿಯರೆಲ್ಲ ಮಲಗಿದ ಮೇಲೆ ಪಾಠ. ಮೊದಲು ಮರಾಠಿ ಅಕ್ಷರಮಾಲೆ, ಆಮೇಲೆ ಓದು, ಲೆಕ್ಕ, ಭೂಗೋಳ, ಕಡೆಗೆ ಇಂಗ್ಲಿಷ್. ಇಂಗ್ಲಿಷಿಗಾಗಿ ಆಂಗ್ಲ ಮಹಿಳೆಯೊಬ್ಬರೂ ಮನೆಗೆ ಬಂದು ಹೇಳಿಕೊಟ್ಟರು.

ಹಗಲಿನ ಮನೆ ಬೇರೆಯಾಗಿತ್ತು. ಆ ದೊಡ್ಡ ಕುಟುಂಬದ ಹೆಂಗಸರಿಗೆ ಸೊಸೆಯೊಬ್ಬಳು ಪುಸ್ತಕ ಹಿಡಿಯುವುದು ಮನೆತನಕ್ಕೆ ಮಾಡಿದ ಅಪಚಾರವಾಗಿ ಕಂಡಿತು. ಅಡುಗೆಮನೆಯಲ್ಲಿ ಚುಚ್ಚುಮಾತು, ಗುಂಪಿನಲ್ಲಿ ಅಣಕ, ಮಾತು ಬಿಡುವ ಶಿಕ್ಷೆ. ಗಟ್ಟಿಯಾಗಿ ಓದಿದರೆ ಕೇಳಿಸೀತೆಂಬ ಅಳುಕಿನಿಂದ ಹುಡುಗಿ ಪಿಸುದನಿಯಲ್ಲಿ ಓದುತ್ತಿದ್ದಳು. ಗಂಡನ ಮನೆಗೆ ಕಳುಹಿಸುವಾಗ ತಂದೆ ಒಂದು ಕಟ್ಟುನಿಟ್ಟಿನ ಬುದ್ಧಿವಾದ ಹೇಳಿದ್ದರು: ಏನೇ ಬಂದರೂ ಸಹಿಸಿಕೊಳ್ಳಬೇಕು, ಮನೆಯವರ ಮೇಲಿನ ದೂರನ್ನು ಗಂಡನ ಕಿವಿಗೆ ಹಾಕಬಾರದು. ಮಗಳು ಅದನ್ನು ಪಾಲಿಸಿದಳು. ಹಗಲಿನಲ್ಲಿ ಬಿದ್ದ ಬೈಗುಳ ರಾತ್ರಿಯ ಪಾಠದ ಹೊತ್ತಿಗೆ ಗುರುವಿಗೆ ತಿಳಿಯುತ್ತಿರಲಿಲ್ಲ. ತಿಳಿದರೂ ಗುರುಗಳು ಮಧ್ಯೆ ಬಾಯಿ ಹಾಕುವವರಾಗಿರಲಿಲ್ಲ. ಹಿರಿಯರೊಡನೆ ಜಗಳಕ್ಕೆ ನಿಲ್ಲದೆ, ಕೆಲಸವನ್ನೂ ಬಿಡದೆ, ನಡುವೆ ಸಾಗುವುದು ರಾನಡೆಯವರ ಸ್ವಭಾವ. ಅದರ ಬೆಲೆ ತೆತ್ತವರು ಹೆಚ್ಚಾಗಿ ರಮಾಬಾಯಿಯವರು.

ರಾನಡೆಯವರಿಗೆ 1878ರಲ್ಲಿ ನಾಸಿಕಕ್ಕೂ ಮರುವರ್ಷ ಧುಳೆಗೂ ವರ್ಗವಾಯಿತು. ದಂಪತಿಗೆ ಪುಣೆಯ ಮನೆಯ ಕಣ್ಗಾವಲಿನಿಂದ ಬಿಡುಗಡೆ ದೊರೆತದ್ದು ಆಗ. ನಾಸಿಕದಲ್ಲಿ ರಮಾಬಾಯಿಯವರು ಮೊದಲ ಬಾರಿಗೆ ಸಭೆಯೊಂದರಲ್ಲಿ ಮಾತನಾಡಿದರು. ಆ ಭಾಷಣವನ್ನು ಬರೆದುಕೊಟ್ಟವರು ಪತಿಯೇ. ಮುಂದೆ ದಖ್ಖನಿನ ರೈತರ ಸಾಲ ಪರಿಹಾರ ಕಾಯ್ದೆಯಡಿ ನ್ಯಾಯಾಲಯಗಳ ತಪಾಸಣೆಗೆಂದು ರಾನಡೆಯವರು ಪುಣೆ, ಸಾತಾರಾ, ಅಹಮದನಗರ, ಸೊಲ್ಲಾಪುರ ಜಿಲ್ಲೆಗಳಲ್ಲಿ ಸಂಚರಿಸುವಾಗ ಪತ್ನಿಯನ್ನೂ ಜತೆಗೆ ಕರೆದೊಯ್ಯುತ್ತಿದ್ದರು. ಊರೂರಿನ ಹೆಣ್ಣುಮಕ್ಕಳ ಶಾಲೆಗಳನ್ನು ನೋಡಿಬರುವುದು ಅವರ ಕೆಲಸವಾಯಿತು.

1882ರಲ್ಲಿ ಪುಣೆಗೆ ಮತ್ತೊಬ್ಬ ರಮಾಬಾಯಿ ಬಂದರು. ಕನ್ನಡನಾಡಿನ ಪಶ್ಚಿಮಘಟ್ಟದ ಗಂಗಾಮೂಲದಲ್ಲಿ ಹುಟ್ಟಿ, ದೇಶವೆಲ್ಲ ಅಲೆದು, ಸಂಸ್ಕೃತ ಪಾಂಡಿತ್ಯದಿಂದ ಕಲಕತ್ತೆಯನ್ನೇ ಬೆರಗುಗೊಳಿಸಿದ್ದ ಪಂಡಿತಾ ರಮಾಬಾಯಿ. ಬಂಗಾಳದ ವಕೀಲ ಬಿಪಿನ್ ಬಿಹಾರಿ ಮೇಧಾವಿಯವರನ್ನು ಮದುವೆಯಾಗಿ ಎರಡು ವರ್ಷ ತುಂಬುವಷ್ಟರಲ್ಲಿ ಕಾಲರಾ ಅವರನ್ನು ವಿಧವೆಯನ್ನಾಗಿ ಮಾಡಿತ್ತು. ಕಂಕುಳಲ್ಲಿ ಎಳೆಯ ಮಗಳು. ಆ ದುಃಖದ ವರ್ಷವೇ ಅವರೂ ಲೇಖನಿ ಹಿಡಿದು ಮರಾಠಿಯಲ್ಲಿ 'ಸ್ತ್ರೀ ಧರ್ಮ ನೀತಿ'ಯನ್ನು ಪ್ರಕಟಿಸಿದರು. ಅವರು ಕಟ್ಟಿದ ಆರ್ಯ ಮಹಿಳಾ ಸಮಾಜದ ಸಭೆಗಳಿಗೆ ರಾನಡೆಯವರ ಪತ್ನಿ ಹೋಗತೊಡಗಿದಾಗ ಮನೆಯಲ್ಲಿ ಮತ್ತೆ ಕೋಲಾಹಲ. ಪುಣೆಯ ಬಾಲಿಕಾ ಪ್ರೌಢಶಾಲೆ 1884ರಲ್ಲಿ ಆರಂಭವಾಯಿತು. ಅದಕ್ಕಾಗಿ ನಡೆದ ಸಭೆಯಲ್ಲಿ ಗವರ್ನರರ ಮುಂದೆ ರಮಾಬಾಯಿ ರಾನಡೆಯವರು ಇಂಗ್ಲಿಷಿನಲ್ಲಿ ಮನವಿ ಓದಿದರು. ಹೊರಗೆ ಚಪ್ಪಾಳೆ, ಒಳಗೆ ಶಾಪ. ಎರಡೂ ಒಂದೇ ದಿನ.

ಇವೆಲ್ಲವೂ ಇಂದಿಗೆ ತಿಳಿದಿರುವುದು ರಮಾಬಾಯಿಯವರೇ ಬರೆದಿಟ್ಟಿದ್ದರಿಂದ. ರಾನಡೆಯವರು ತೀರಿಕೊಂಡ ಮರುವರ್ಷವೇ ಜಿ. ಎ. ಮಾನಕರ್ ಅವರು ಇಂಗ್ಲಿಷಿನಲ್ಲಿ ಎರಡು ಸಂಪುಟಗಳ ಜೀವನಚರಿತ್ರೆಯನ್ನು ಹೊರತಂದಿದ್ದರು. ಸಾರ್ವಜನಿಕ ಸಭೆ, ಪ್ರಾರ್ಥನಾ ಸಮಾಜ, ಕಾಂಗ್ರೆಸ್ಸು, ಹೈಕೋರ್ಟು, ಅರ್ಥಶಾಸ್ತ್ರದ ಉಪನ್ಯಾಸಗಳು, ಮರಾಠರ ಇತಿಹಾಸ: ಇವುಗಳ ರಾನಡೆ ಎಲ್ಲರಿಗೂ ಸೇರಿದವರು. ರಾತ್ರಿಯ ದೀಪದಡಿ ಪಾಟಿ ಹಿಡಿದು ಕೂತ ರಾನಡೆಯವರನ್ನು ಕಂಡವರು ಒಬ್ಬರೇ. ಆ ಒಬ್ಬರು ಬರೆಯದಿದ್ದರೆ ಅದು ಅವರೊಂದಿಗೇ ಮುಗಿಯುತ್ತಿತ್ತು.

'ಆಮಚ್ಯಾ ಆಯುಷ್ಯಾತೀಲ ಕಾಹೀ ಆಠವಣೀ' ಎಂಬ ಹೆಸರಿನಲ್ಲಿ ಆ ಪುಸ್ತಕ 1910ರಲ್ಲಿ ಪ್ರಕಟವಾಯಿತು. ನಮ್ಮ ಜೀವನದ ಕೆಲವು ನೆನಪುಗಳು ಎಂದು ಅರ್ಥ. ಗೋಖಲೆಯವರು ಮುನ್ನುಡಿ ಬರೆದರು. ಮರಾಠಿಯಲ್ಲಿ ಹೆಣ್ಣೊಬ್ಬಳು ಬರೆದ ಮೊದಲ ಆತ್ಮಕಥನಗಳಲ್ಲಿ ಇದಕ್ಕೆ ಸ್ಥಾನವಿದೆ. ಆದರೆ ಶೀರ್ಷಿಕೆಯಲ್ಲಿರುವುದು ನನ್ನ ಜೀವನವಲ್ಲ, ನಮ್ಮ ಜೀವನ. ಪತಿಯ ಚರಿತ್ರೆಯೂ ಅಲ್ಲ, ತನ್ನ ಚರಿತ್ರೆಯೂ ಅಲ್ಲ. ಇಬ್ಬರಲ್ಲಿ ಒಬ್ಬರು ಉಳಿದು ಹೇಳುವ ಇಬ್ಬರ ಕಥೆ.

ಪುಸ್ತಕದಲ್ಲಿ ಪತಿಯ ಹೆಸರು ಹಿಡಿದು ಕರೆಯುವ ರೂಢಿಯಿಲ್ಲ. ಗಂಡನ ಹೆಸರು ಹೇಳಬಾರದೆಂಬ ಹಳೆಯ ಮರ್ಯಾದೆಯನ್ನು ಬರಹದಲ್ಲಿಯೂ ಅವರು ಬಿಡಲಿಲ್ಲ. ನಮ್ಮ ಹಿರಿಯ ಹೆಂಗಸರು ಇವರು, ನಮ್ಮನೆಯವರು ಎನ್ನುತ್ತಿದ್ದಂತೆ, ಸ್ವತಃ ಎಂಬ ಮಾತಿನಿಂದಲೇ ರಾನಡೆಯವರನ್ನು ಸೂಚಿಸುತ್ತಾರೆ. ಹೆಸರಿಲ್ಲದ ಈ ಮನುಷ್ಯ ಓದುತ್ತಾ ಹೋದಂತೆ ತೀರ ಹತ್ತಿರದವರಾಗಿಬಿಡುತ್ತಾರೆ. 1886ರಲ್ಲಿ ಸರಕಾರದ ಹಣಕಾಸು ಸಮಿತಿಯ ಕೆಲಸಕ್ಕೆಂದು ಕಲಕತ್ತೆಯಲ್ಲಿದ್ದಾಗ ರಾನಡೆಯವರು ಬಂಗಾಳಿ ಕಲಿಯತೊಡಗಿದರು, ಪತ್ನಿಗೂ ಕಲಿಸಿದರು. ಒಂದು ಬೆಳಿಗ್ಗೆ ಕ್ಷೌರಕ್ಕೆ ಕೂತಿರುವಾಗ ಕೈಯಲ್ಲಿ ಬಂಗಾಳಿ ಪುಸ್ತಕ ಹಿಡಿದು, ತೊಡಕಿನ ಪದಗಳ ಉಚ್ಚಾರವನ್ನೂ ಅರ್ಥವನ್ನೂ ಕ್ಷೌರಿಕನನ್ನೇ ಕೇಳುತ್ತಿದ್ದರಂತೆ. ಒಳಗಿನಿಂದ ಇದನ್ನು ಕೇಳಿದ ರಮಾಬಾಯಿಯವರಿಗೆ ನಗು ತಡೆಯಲಾಗಲಿಲ್ಲ. ಗುರು ಚೆನ್ನಾಗಿ ಸಿಕ್ಕರೆಂದು ಅವರು ಹಾಸ್ಯ ಮಾಡಿದರೆ, ದತ್ತಾತ್ರೇಯನಿಗೆ ಇಪ್ಪತ್ನಾಲ್ಕು ಗುರುಗಳಿದ್ದರೆಂದು ಪತಿ ನೆನಪಿಸಿದರು. ಮಾವಿನ ಹಣ್ಣಿನ ಒಂದೆರಡು ಹೋಳು ತಿಂದು ಸಾಕೆಂದು ಸರಿಸಿದ, ನಾಲಿಗೆಯ ಹಿಡಿತದ ಪ್ರಸಂಗವೂ ಈ ಪುಸ್ತಕದ್ದೇ. ದೊಡ್ಡ ಸಂಗತಿಗಳಲ್ಲ. ಆದರೆ ಮನೆಯೊಳಗೆ ಜೀವ ಹೋದ ಮೇಲೆ ಕಣ್ಣಿಗೆ ಕಟ್ಟುವುದು ಇಂಥವೇ ಹೊರತು ತೀರ್ಪುಗಳಲ್ಲ, ಭಾಷಣಗಳಲ್ಲ.

ಇದನ್ನು ಕೇವಲ ಪತಿಭಕ್ತಿಯ ಗ್ರಂಥವೆಂದು ತಳ್ಳಿಹಾಕುವವರು ಎಚ್ಚರಿಕೆಯಿಂದ ಓದಿಲ್ಲ. ಭಕ್ತಿಯಿದೆ ನಿಜ. ರಾತ್ರಿ ಪತಿಯ ಅಂಗಾಲಿಗೆ ತುಪ್ಪ ತಿಕ್ಕುತ್ತಾ ಓದಿ ಹೇಳುತ್ತಿದ್ದುದನ್ನು ಅವರು ಸುಖವೆಂದೇ ಬಣ್ಣಿಸುತ್ತಾರೆ. ಇಂದಿನ ಓದುಗರಿಗೆ ಅದು ಮುಜುಗರ ತಂದೀತು. ರಾನಡೆಯವರ ಕೋಪ ಬೈಗುಳವಾಗುತ್ತಿರಲಿಲ್ಲ, ಮೌನವಾಗುತ್ತಿತ್ತು. ತಪ್ಪಿತೆಂದು ಕಂಡಾಗ ಮಾತು ನಿಲ್ಲಿಸಿಬಿಡುತ್ತಿದ್ದರು. ಪತ್ನಿ ತಾನಾಗಿ ಅರಿತು, ಕಣ್ಣೀರಿಟ್ಟು, ಕ್ಷಮೆ ಕೇಳುವವರೆಗೆ ಆ ಮೌನ ಕರಗುತ್ತಿರಲಿಲ್ಲ. ಇದನ್ನು ರಮಾಬಾಯಿಯವರು ಸೌಮ್ಯತೆಯೆಂದು ಬಗೆದರು. ಓದುವವರಿಗೆ ಅಲ್ಲಿ ಸೌಮ್ಯತೆಗಿಂತ ಕಠಿಣವಾದುದೇನೋ ಕಾಣುತ್ತದೆ, ಮತ್ತು ಕಾಣುವಂತೆ ಬರೆದವರು ಅವರೇ. ಯಾವುದನ್ನೂ ಅವರು ಒರೆಸಿಹಾಕಲಿಲ್ಲ.

ತಮ್ಮ ಮದುವೆಯ ಹಿನ್ನೆಲೆಯನ್ನೂ ಅವರು ಮರೆಮಾಚಲಿಲ್ಲ. ಪತಿಯ ಮನಸ್ಸಿಗೆ ವಿರುದ್ಧವಾಗಿ, ಮಾವನವರ ಹಠದಿಂದ ತಾನು ಆ ಮನೆಗೆ ಬಂದವಳೆಂಬ ಸಂಗತಿಯನ್ನು ಬರೆಯಲು ಯಾವ ಹೆಂಡತಿಗೂ ಎದೆಗಾರಿಕೆ ಬೇಕು. ಪಂಚಹೌದ ಮಿಶನ್ನಿನ ಚಹಾ ಪ್ರಕರಣವನ್ನೂ ಬಿಡಲಿಲ್ಲ. 1890ರ ಅಕ್ಟೋಬರಿನಲ್ಲಿ ಪುಣೆಯ ಕ್ರೈಸ್ತ ಮಿಶನ್ನಿನ ಸಮಾರಂಭವೊಂದಕ್ಕೆ ಹೋಗಿದ್ದ ಗಣ್ಯರಲ್ಲಿ ರಾನಡೆಯವರೂ ಬಾಲ ಗಂಗಾಧರ ತಿಲಕರೂ ಇದ್ದರು. ಅಲ್ಲಿ ಚಹಾ ಸೇವಿಸಿದ್ದು ಧರ್ಮಭ್ರಷ್ಟತೆಯೆಂದು ಊರೇ ಎದ್ದು ನಿಂತು, ವಿಷಯ ಶಂಕರಾಚಾರ್ಯರ ಪೀಠದವರೆಗೆ ಹೋಯಿತು. ಜಾತಿಬಹಿಷ್ಕಾರದಿಂದ ಬಳಲಿದ ಸ್ನೇಹಿತರ ಸಲುವಾಗಿ ರಾನಡೆಯವರು ಕಡೆಗೆ ಪ್ರಾಯಶ್ಚಿತ್ತ ಮಾಡಿಕೊಂಡರು. ಸುಧಾರಕರು ಮತ್ತೆ ನಿರಾಶರಾದರು. ಆ ನಿರ್ಧಾರ ತಮಗೂ ರುಚಿಸಲಿಲ್ಲವೆಂಬುದನ್ನು ರಮಾಬಾಯಿಯವರು ತೋರಗೊಟ್ಟಿದ್ದಾರೆ. ಸತ್ತವರ ಬಗೆಗೆ ಪ್ರೀತಿಯಿಂದ ಬರೆಯುವುದು ಸುಲಭ. ಪ್ರೀತಿಯಿಂದಲೂ ನಿಜವಾಗಿಯೂ ಬರೆಯುವುದು ಬೇರೆ ಮಾತು, ಅದರಲ್ಲಿಯೂ ಆ ಸತ್ತವರು ಇಡೀ ಪ್ರಾಂತ್ಯಕ್ಕೆ ಪೂಜ್ಯರಾಗಿರುವಾಗ.

ಪುಸ್ತಕ ರಾನಡೆಯವರ ಸಾವಿನೊಂದಿಗೆ ನಿಲ್ಲುತ್ತದೆ. 1893ರಲ್ಲಿ ಕಾಶೀನಾಥ ತ್ರ್ಯಂಬಕ ತೇಲಂಗರ ನಿಧನದಿಂದ ತೆರವಾದ ಹೈಕೋರ್ಟಿನ ಪೀಠಕ್ಕೆ ಪತಿ ಏರಿದ್ದು, ಪುಣೆ ಬಿಟ್ಟು ಮುಂಬಯಿ ಸೇರಿದ್ದು, ಕಡೆಯ ಕಾಯಿಲೆ, ಕಡೆಯ ದಿನ. ಆಮೇಲೆ ಬರೆಯಲು ಏನೂ ಉಳಿದಿಲ್ಲವೆಂಬಂತೆ ಲೇಖನಿ ಕೆಳಗಿಟ್ಟಿದ್ದಾರೆ. ವಿಚಿತ್ರವೆಂದರೆ 1910ರ ಹೊತ್ತಿಗೆ ರಮಾಬಾಯಿಯವರ ಬದುಕಿನ ಅತ್ಯಂತ ಚಟುವಟಿಕೆಯ ಕಾಲ ಆಗಲೇ ಆರಂಭವಾಗಿತ್ತು. ಏಕಾಂತದಿಂದ ಹೊರಬಂದ ಅವರು 1904ರಲ್ಲಿ ಮುಂಬಯಿಯಲ್ಲಿ ಸೇರಿದ ಮಹಿಳಾ ಪರಿಷತ್ತಿನ ಅಧ್ಯಕ್ಷತೆ ವಹಿಸಿದ್ದರು. ಯೆರವಡಾ ಜೈಲಿನ ಹೆಣ್ಣುಕೈದಿಗಳನ್ನು ನಿಯಮಿತವಾಗಿ ಕಾಣುತ್ತಿದ್ದರು, ಆಸ್ಪತ್ರೆಗಳಿಗೆ ಹೋಗಿ ರೋಗಿಗಳಿಗೆ ಹಣ್ಣು, ಪುಸ್ತಕ ಹಂಚುತ್ತಿದ್ದರು. 1908ರಲ್ಲಿ ಬೆಹರಾಮಜಿ ಮಲಬಾರಿ, ದಯಾರಾಮ ಗಿದುಮಲ್ ಅವರು ಹೆಂಗಸರ ಸೇವಾಶಿಕ್ಷಣಕ್ಕಾಗಿ ಮುಂಬಯಿಯಲ್ಲಿ ಸೇವಾಸದನವನ್ನು ಆರಂಭಿಸಿದಾಗ ಅದರ ಮುಂದಾಳುತನಕ್ಕೆ ಇವರನ್ನೇ ಬೇಡಿದರು. ಮರುವರ್ಷ ಪುಣೆಯಲ್ಲಿ, ತಮ್ಮ ಮನೆಯಲ್ಲಿಯೇ, ಸೇವಾಸದನ ಹುಟ್ಟಿತು. ಗೋಖಲೆಯವರ ಭಾರತ ಸೇವಕ ಸಮಾಜದ ಗೋಪಾಲ ಕೃಷ್ಣ ದೇವಧರರು ಅದಕ್ಕೆ ಹೆಗಲು ಕೊಟ್ಟರು.

ಯಾವ ಮನೆಯಲ್ಲಿ ಹುಡುಗಿಯೊಬ್ಬಳು ಪಿಸುದನಿಯಲ್ಲಿ ಓದಬೇಕಾಗಿತ್ತೋ ಅಂಥ ಮನೆಗಳ ಹೆಂಗಸರು ಈಗ ಇಲ್ಲಿ ಗಟ್ಟಿಯಾಗಿ ಓದಿದರು. ಬಂದವರಲ್ಲಿ ಎಳೆಯ ವಿಧವೆಯರಿದ್ದರು. ಅಕ್ಷರದಿಂದ ತೊಡಗಿ ಶಿಕ್ಷಕಿಯರ ತರಬೇತಿ, ದಾದಿಯರ ತರಬೇತಿ, ಹೊಲಿಗೆ, ವೈದ್ಯ ವಿದ್ಯಾರ್ಥಿನಿಯರಿಗೆ ವಸತಿಗೃಹ ಇವೆಲ್ಲ ಒಂದೊಂದಾಗಿ ಸೇರಿಕೊಂಡವು. ದಾದಿಯ ಕೆಲಸ ಮೇಲುಜಾತಿಯ ಹೆಂಗಸಿಗೆ ಹೇಳಿಸಿದ್ದಲ್ಲವೆಂಬ ಭಾವನೆ ಬಲವಾಗಿದ್ದ ಕಾಲ ಅದು. ಮೊದಮೊದಲು ಮುಂದೆ ಬಂದವರು ಸಹಿಸಿದ್ದೇನೂ ಕಡಿಮೆಯಲ್ಲ. 1915ರಲ್ಲಿ ಪುಣೆ ಸೇವಾಸದನ ಸ್ವತಂತ್ರ ಸಂಸ್ಥೆಯಾಗಿ ನೋಂದಣಿಯಾಯಿತು.

ಅದೇ 1915ರಲ್ಲಿ ರಮಾಬಾಯಿಯವರು ಮತ್ತೊಂದು ಕೆಲಸ ಪೂರೈಸಿದರು. ಪತಿಯ ಚದುರಿಹೋಗಿದ್ದ ಇಂಗ್ಲಿಷ್ ಲೇಖನ, ಭಾಷಣಗಳ ಸಂಕಲನವನ್ನು ತಾವೇ ಪ್ರಕಾಶಕರಾಗಿ ಹೊರತಂದರು. ದಿನ್‌ಶಾ ವಾಚ್ಛಾ ಅವರು ಪ್ರಸ್ತಾವನೆ ಬರೆದರು. ನೆನಪಿನ ಪುಸ್ತಕದಲ್ಲಿ ಮನೆಯ ರಾನಡೆಯವರನ್ನು ಉಳಿಸಿದವರು, ಇದರಲ್ಲಿ ಸಭೆಯ ರಾನಡೆಯವರನ್ನು ಉಳಿಸಿದರು. ರಾನಡೆಯವರ ವಿಚಾರಗಳನ್ನು ಅಧ್ಯಯನ ಮಾಡುವವರು ಇಂದಿಗೂ ಆ ಸಂಕಲನವನ್ನು ತೆರೆಯಬೇಕಾಗುತ್ತದೆ.

ಆಮೇಲಿನ ವರ್ಷಗಳಲ್ಲಿ ಅವರು ಪುಣೆಯಲ್ಲಿ ಹೆಣ್ಣುಮಕ್ಕಳಿಗೂ ಕಡ್ಡಾಯ ಪ್ರಾಥಮಿಕ ಶಿಕ್ಷಣ ಬೇಕೆಂದು ಹೋರಾಡಿದರು. ಮುಂಬಯಿ ಪ್ರಾಂತ್ಯದ ಮಹಿಳೆಯರ ಮತದಾನದ ಹಕ್ಕಿನ ಚಳವಳಿಯ ಮುಂಚೂಣಿಯಲ್ಲಿದ್ದರು. 1921ರಲ್ಲಿ ಪ್ರಾಂತೀಯ ಶಾಸನಸಭೆ ಆ ಹಕ್ಕನ್ನು ಒಪ್ಪಿತು. ಆಸ್ತಿ, ತೆರಿಗೆಗಳ ಷರತ್ತಿಗೆ ಒಳಪಟ್ಟು, ಆಗ ಅದೇ ಪ್ರಾಂತ್ಯದಲ್ಲಿದ್ದ ಬೆಳಗಾವಿ, ಧಾರವಾಡ, ವಿಜಾಪುರ, ಉತ್ತರ ಕನ್ನಡ ಜಿಲ್ಲೆಗಳ ಹೆಂಗಸರಿಗೂ ಅದು ಸಂದಿತು. ಆ ಚಳವಳಿಯಲ್ಲಿ ಇವರ ಪಾಲನ್ನು ನಮ್ಮಲ್ಲಿ ನೆನೆಯುವವರು ಕಡಿಮೆ.

1924ರಲ್ಲಿ ರಮಾಬಾಯಿಯವರು ತೀರಿಕೊಂಡರು. ಪತಿಯಿಲ್ಲದೆ ಬಾಳಿದ್ದು ಇಪ್ಪತ್ಮೂರು ವರ್ಷ. ಪತಿಯೊಡನೆ ಬಾಳಿದ್ದಕ್ಕಿಂತ ನಾಲ್ಕೇ ವರ್ಷ ಕಡಿಮೆ. ಅದರ ಬಗೆಗೆ ಇಂಥದೊಂದು ಪುಸ್ತಕವನ್ನು ಅವರು ಬರೆಯಲಿಲ್ಲ. ಸೇವಾಸದನದ ಬೆಳವಣಿಗೆಯನ್ನೂ ಸಮಕಾಲೀನರ ಮಾತುಗಳನ್ನೂ ನೋಡಿ ಆ ಕಾಲವನ್ನು ಜೋಡಿಸಿಕೊಳ್ಳಬೇಕು. ಅವರ ಜನ್ಮಶತಾಬ್ದಿಯ ವರ್ಷವಾದ 1962ರಲ್ಲಿ ಭಾರತದ ಅಂಚೆ ಇಲಾಖೆ ಅವರ ಚಿತ್ರವಿರುವ ಅಂಚೆಚೀಟಿಯನ್ನು ಹೊರಡಿಸಿತು. ಮರಾಠಿ ಕಿರುತೆರೆಯಲ್ಲಿ 2012ರಲ್ಲಿ ಪ್ರಸಾರವಾದ 'ಉಂಚ ಮಾಝಾ ಝೋಕಾ' ಧಾರಾವಾಹಿ, ಪಾಟಿ ಹಿಡಿದ ಆ ಹುಡುಗಿಯನ್ನು ಮತ್ತೆ ಮನೆಮನೆಗೆ ಒಯ್ದಿತು.

ನೆನಪಿನ ಪುಸ್ತಕ ಇಂಗ್ಲಿಷಿಗೆ ಎರಡು ಬಾರಿ ಹೋಗಿದೆ. ಕ್ಯಾಥರೀನ್ ಗೇಟ್ಸ್ ಅವರ ಅನುವಾದ 1938ರಲ್ಲಿ ನ್ಯೂಯಾರ್ಕಿನಲ್ಲಿ ಪ್ರಕಟವಾಯಿತು. ಹೆಸರು ಹೇಳದೆ ಪತಿಯನ್ನು ಕರೆಯುತ್ತಿದ್ದ ಆ ಸ್ವತಃ ಎಂಬ ಮಾತನ್ನೇ ಹಿಡಿದು ಅದಕ್ಕೆ 'ಹಿಮ್‌ಸೆಲ್ಫ್' ಎಂದು ಹೆಸರಿಟ್ಟರು. ಕುಸುಮಾವತಿ ದೇಶಪಾಂಡೆಯವರ ಅನುವಾದವನ್ನು 1963ರಲ್ಲಿ ಕೇಂದ್ರ ಸರಕಾರದ ಪ್ರಕಟಣಾ ವಿಭಾಗ ಹೊರತಂದಿತು. ಅದರ ಶೀರ್ಷಿಕೆಯಲ್ಲಿ ದೊಡ್ಡದಾಗಿ ಇರುವುದು ರಾನಡೆಯವರ ಹೆಸರು. ಬರೆದವರು ಅಲ್ಲಿ ಅವರ ಪತ್ನಿ ಎಂದಷ್ಟೇ.